ಸೂಜಿಯ ಮೊನೆ

ಕೊಪ್ಪ
೨೨-೫-೨೦೦೫, ಭಾನುವಾರ

ಪ್ರೀತಿಯ ಗಿರಿಯಮ್ಮನಿಗೆ,

ಹೇಗಿದ್ದೀಯ? ಜ್ವರ ಪೂರ್ತಿ ಬಿಟ್ಟಿತೇ? ಬೆಳಿಗ್ಗೆ ಇನ್ಸುಲಿನ್ ಚುಚ್ಚಿಸಿಕೊಂಡ ಮೇಲೆ ತಿಂಡಿ ತಿನ್ನುತ್ತೀಯೋ, ಇಲ್ಲ ಭವ್ಯ ಅತ್ತ ತಿರುಗಿದ ಕೂಡಲೇ ತಟ್ಟೆ ಮುಚ್ಚಿಡುತ್ತೀಯೋ? ಸುಳ್ಳು ಹೇಳಬೇಡ, ಮಗಳು ಎಲ್ಲ ವರದಿ ಕೊಡುತ್ತಾಳೆ. ನಾನು ಚೆನ್ನಾಗಿದ್ದೇನೆ, ನನಗೇನು ಧಾಡಿ. ಈ ಕಾಗದವನ್ನು ಭವ್ಯ ಓದಿ ಹೇಳುವುದು ಬೇಡ, ಕನ್ನಡಕ ಹಾಕಿಕೊಂಡು ನೀನೇ ಓದು. ಒಂದು ವಿಷಯ ಹೇಳಬೇಕೆಂದು ಮೂರು ಸಲ ಫೋನ್ ಬೂತಿಗೆ ಹೋದೆ. ಮೂರು ಸಲವೂ ನಿನ್ನ ಸಕ್ಕರೆ ಎಷ್ಟಿದೆ ಎಂದು ಕೇಳಿ ಇಟ್ಟುಬಿಟ್ಟೆ. ಕಾಗದದಲ್ಲಾದರೂ ಬಾಯಿ ಬರುತ್ತದೋ ನೋಡೋಣ.

ಮೊನ್ನೆ ಕಡಹಿನಬೈಲಿನ ಯಮುನಮ್ಮ ಬಂದಿದ್ದರು. ಶೃಂಗೇರಿಯಲ್ಲಿ ಮಗಳ ಮದುವೆ ಚೆನ್ನಾಗಿ ಆಯಿತಂತೆ, ನಾನು ಹೊಲಿದುಕೊಟ್ಟ ಬ್ಲೌಸುಗಳನ್ನು ಎಲ್ಲರೂ ಮೆಚ್ಚಿದರಂತೆ. ನಿನ್ನ ಕಾಲಿನ ಸುದ್ದಿ ಕೇಳಿ ಕಣ್ಣಲ್ಲಿ ನೀರು ಹಾಕಿಕೊಂಡರು. ನನಗೆ ಅವರ ಮುಖ ನೋಡಿ ಮಾತಾಡಲು ಆಗಲಿಲ್ಲ, ಕಾಫಿ ಮಾಡುತ್ತೇನೆಂದು ಒಳಗೆ ಹೋದವನು ಹಾಲು ಉಕ್ಕಿಸಿಕೊಂಡು ನಿಂತೆ. ಬೇರೆ ಮದುವೆಗಳ ಹೊಲಿಗೆ ಬಾಕಿ ಇದೆ ಎಂದು ನಿಮ್ಮಿಬ್ಬರಿಗೂ ಹೇಳಿ ಶಿವಮೊಗ್ಗದಿಂದ ಬಂದೆನಲ್ಲ, ಅದು ನೆಪ. ಬಂದ ಮೇಲೆ ಮಿಷನ್ನಿನ ಮೇಲಿನ ಬಟ್ಟೆಯನ್ನೇ ತೆಗೆದಿಲ್ಲ. ನಿನ್ನ ಮಂಚದ ಪಕ್ಕ ಕೂತುಕೊಳ್ಳಲು ಆಗದೆ ಓಡಿ ಬಂದವನು ನಾನು.

ಶುಕ್ರವಾರ ಭವ್ಯ ಫೋನಿನಲ್ಲಿ ಅತ್ತಳು. ಮುಂದಿನ ಶುಕ್ರವಾರ ಡಾಕ್ಟರು ನೋಡಿ ಕಾಲಿನ ಬೆರಳು ತೆಗೆಯಬೇಕೇ ಎಂದು ತೀರ್ಮಾನ ಮಾಡುತ್ತಾರೆ ಎನ್ನುವಷ್ಟರಲ್ಲಿ ನೀನೇ ಮುಂದಾಗಿ ಒಪ್ಪಿಗೆ ಕೊಟ್ಟೆಯಂತೆ. 'ಎರಡು ಬೆರಳು ತಾನೇ, ತೆಗ್ದುಬಿಡ್ಲಿ. ನಂದೇ ತಪ್ಪು, ನಾನೇ ಅನುಭವಿಸ್ತೀನಿ. ಇಸ್ಕೂಲು ಶುರುವಾದ್ಮೇಲೆ ಪಾಠ ಮಾಡೋದು ಬಿಟ್ಟು ಭವ್ಯ ಎಷ್ಟು ದಿನ ಕೀವು ತೊಳೀತಾ ಕೂರ್ಬೇಕು' ಎಂದೆಯಂತೆ. ಒಂದು ಬದಿ ಮಾಂಸ ಕೆಂಪಗೆ ತುಂಬಿಕೊಳ್ಳುತ್ತಿದೆ, ಸಕ್ಕರೆ ಹತೋಟಿಗೆ ಬಂದು, ದಿನಾ ಶುಚಿ ಮಾಡಿ, ಕಾಲು ಊರದೆ ಇದ್ದರೆ ಇನ್ನೂ ಎರಡು ವಾರ ಕಾಯಬಹುದು ಎಂದು ಅದೇ ಡಾಕ್ಟರು ಹೇಳಿದ್ದು ನಿನ್ನ ಕಿವಿಗೆ ಬೀಳಲೇ ಇಲ್ಲವೇ? ಹೊಟ್ಟೆಗೆ ತಿನ್ನದೆ ಹಟ ಹಿಡಿದರೆ ಗಾಯ ಯಾವುದರಿಂದ ಮಾಯಬೇಕು ಹೇಳು.

ಜನವರಿಯಲ್ಲಿ ಇಲ್ಲಿನ ಡಾಕ್ಟರು ನಿನ್ನ ಅಂಗಾಲಿಗೆ ನೈಲಾನ್ ಎಳೆಯ ತುದಿ ಮುಟ್ಟಿಸಿ ಗೊತ್ತಾಯಿತೇ ಎಂದಾಗ, ಎಲ್ಲಿ ಮುಟ್ಟಿದಿರಿ ಎಂದು ನೀನೇ ಅವರನ್ನು ಕೇಳಿದ್ದೆ. ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು, ದಿನಾ ಯಾರಾದರೂ ಅಂಗಾಲು ನೋಡಬೇಕು ಎಂದಿದ್ದರು. ಮೆತ್ತನೆಯ ಚಪ್ಪಲಿಯನ್ನೇನೋ ತಂದೆ. 'ಒಲೆ ಮುಂದೆ, ದೇವ್ರ ಮುಂದೆ ಚಪ್ಪಲಿ ಮೆಟ್ಕಂಡು ನಿಲ್ಲಕ್ಕಾಗುತ್ತಾ ಮಾರಾಯ್ರೆ' ಎಂದು ನೀನು ಅಟ್ಟಕ್ಕೆ ಹಾಕಿದೆ. ಹೊಸಿಲೊಳಗೆ ಚಪ್ಪಲಿ ನನಗೂ ಒಗ್ಗದ ವಿಷಯ, ನಕ್ಕು ಸುಮ್ಮನಾದೆ. ಅಂಗಾಲು ತೋರಿಸು ಎಂದರೆ, 'ಗಂಡನ ಕೈಲಿ ಕಾಲು ಹಿಡಿಸ್ಕಂಡು ಯಾವ ನರಕಕ್ಕೆ ಹೋಗ್ಲಿ ನಾನು' ಎಂದು ಸೀರೆ ಎಳೆದು ಮುಚ್ಚಿಕೊಂಡೆ. ಎರಡು ದಿನ ಕೇಳಿದೆ, ಮೂರನೆಯ ದಿನದಿಂದ ಮರೆತೆ. ರಜೆಗೆ ಬಂದ ಭವ್ಯ ಅಡುಗೆಮನೆಯ ನೆಲದಲ್ಲಿ ರಕ್ತದ ಕಲೆ ನೋಡಿ ನಿನ್ನನ್ನು ಹಿಡಿದು ಕೂರಿಸುವ ಹೊತ್ತಿಗೆ ಪಾದ ಊದಿ ಕೀವಾಗಿತ್ತು. ನಿನಗೆ ನೋವೇ ಇರಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಕೊಯ್ದು ತೆಗೆದ ಸೂಜಿಯ ಚೂರನ್ನು ಡಾಕ್ಟರು ಹತ್ತಿಯ ಮೇಲಿಟ್ಟು ತೋರಿಸಿದರಲ್ಲ, ಅಕ್ಕಿಕಾಳಿನಷ್ಟೂ ಇರಲಿಲ್ಲ. 'ನನ್ನ ಕೈಸೂಜಿನೇ ಇರ್ಬೇಕು. ಇವರು ಹೊಲಿದ ಬ್ಲೌಸಿಗೆ ಹುಕ್ಕು ಹಾಕೋವಾಗ ಮುರಿದು ಬಿದ್ದಿರ್ಬೇಕು, ಕಣ್ಣೂ ಸರಿ ಕಾಣಲ್ಲ' ಎಂದು ನೀನು ಹೇಳಿದೆ. ಭವ್ಯ ಬೈದಳು. ನಾನು ಏನು ಹೇಳಿದೆ ನೆನಪಿದೆಯೇ? 'ಇವಳಿಗೆ ಎಷ್ಟು ಹೇಳಿದ್ರೂ ಅಷ್ಟೇ ಡಾಕ್ಟ್ರೇ' ಎಂದೆ. ನೀನು ತಲೆ ತಗ್ಗಿಸಿದೆ. ನೀನು ತಲೆ ತಗ್ಗಿಸಿದ್ದು ಈಗ ಊಟಕ್ಕೆ ಕೂತರೂ ನೆನಪಾಗುತ್ತದೆ. ಇಷ್ಟು ವರ್ಷದಲ್ಲಿ ನಿನಗೆ ಅಂಥ ಅನ್ಯಾಯದ ಮಾತು ನಾನು ಆಡಿರಲಿಲ್ಲ.

ಈಗ ಕೆಲಸದ ಮಾತು. ಹಿಂದಿನ ಬೀದಿಯ ನರ್ಸ್ ವನಮಾಲಾ ಅವರ ಮನೆಗೆ ಎಂಟು ದಿನದಿಂದ ಹೋಗುತ್ತಿದ್ದೇನೆ. ಅವರ ಮಾವ ಬೂತಪ್ಪನವರಿಗೂ ಸಕ್ಕರೆ ಕಾಯಿಲೆ, ಹಿಮ್ಮಡಿಯಲ್ಲಿ ಹುಣ್ಣು. ಅವರ ಕಾಲಿನ ಮೇಲೆ ನನ್ನ ಪಾಠ ನಡೆಯುತ್ತಿದೆ. ಕೈ ಸೋಪಿನಲ್ಲಿ ತೊಳೆದು, ಹಳೆಯ ಗಾಜ್ ಬಟ್ಟೆ ಒಣಗಿ ಅಂಟಿದ್ದರೆ ನೆನೆಸಿ ಬಿಡಿಸಿ, ಔಷಧಿ ನೀರಿನಲ್ಲಿ ತೊಳೆದು, ವಾಸನೆ ಬಣ್ಣ ನೋಡಿ, ಬಿಗಿಯಾಗದಂತೆ ಕಟ್ಟುವುದು. ಮೊದಲ ದಿನ ಕಟ್ಟು ಬಿಚ್ಚುವ ಬದಲು ಮೂರು ಸಲ ಕೈ ತೊಳೆದೆ. 'ಕತ್ತರಿ ಹಿಡಿಯೋ ಕೈ ಅಲ್ವಾ ಸುಬ್ಬಯ್ಯ, ಎಂತ ಹೆದರಿಕೆ' ಎಂದು ಬೂತಪ್ಪನವರು ನಕ್ಕರು. ನಿನ್ನೆ ನಾನೊಬ್ಬನೇ ಕಟ್ಟಿದೆ, ವನಮಾಲಾ ನೋಡಿ ಸರಿಯಾಗಿದೆ ಎಂದರು. ಬೂತಪ್ಪನವರ ಹುಣ್ಣು ಐದು ತಿಂಗಳು ಹಿಡಿದು ಈಗ ಹುಣಸೆ ಬೀಜದಷ್ಟಕ್ಕೆ ಬಂದಿದೆ. ಭವ್ಯ ನಿಶ್ಚಿಂತೆಯಿಂದ ಶಾಲೆಗೆ ಹೋಗಲಿ, ಡಾಕ್ಟರು ಬಿಟ್ಟ ದಿನ ನಿನ್ನನ್ನು ಮನೆಗೆ ಕರೆತರುತ್ತೇನೆ. ನಿನಗೆ ನರಕ ಬರುವುದಾದರೆ ನಾನೂ ಜೊತೆಗೆ ಬರುತ್ತೇನೆ, ಒಬ್ಬಳೇ ಹೋಗಬೇಡ.

ಭವ್ಯಳಿಗೆ ನನ್ನ ಆಶೀರ್ವಾದ ತಿಳಿಸು. ಅವಳಿಗೂ ಸ್ವಲ್ಪ ಮಲಗಲು ಬಿಡು. ಶೃಂಗೇರಿಯ ತಾಯಿ ಶಾರದಮ್ಮ ನಿನ್ನ ಕಾಲನ್ನು ಕಾಯಲಿ.

ಇಂತಿ ನಿನ್ನ,
ಸುಬ್ಬಯ್ಯ

ತಾ.ಕ.: ಕಾಗದ ಅಂಟಿಸಲು ಹೊರಟವನು ಮತ್ತೆ ಬಿಚ್ಚಿದ್ದೇನೆ. ಆ ಸೂಜಿ ನಿನ್ನದಲ್ಲ. ಕೈಸೂಜಿಗೆ ಕಣ್ಣು ಬುಡದಲ್ಲಿರುತ್ತದೆ. ಡಾಕ್ಟರು ತೋರಿಸಿದ ಚೂರಿನಲ್ಲಿ ಮೊನೆಯ ಹತ್ತಿರವೇ ಅರ್ಧ ಕಣ್ಣಿತ್ತು. ಅದು ಮಿಷನ್ ಸೂಜಿ, ನನ್ನದು. ನೋಡಿದ ಕೂಡಲೇ ಗೊತ್ತಾಯಿತು, ಗೊತ್ತಾದ ಮೇಲೆಯೇ ಆ ಮಾತು ಆಡಿದೆ. ಯಮುನಮ್ಮನ ಮಗಳ ಬ್ಲೌಸಿನ ಜರಿ ಅಂಚು ಹೊಲಿಯುವಾಗ ಮುರಿದದ್ದು. ಚೂರು ಸಿಗುವ ತನಕ ಮಿಷನ್ ತುಳಿಯಬಾರದೆಂದು ಕೆಲಸ ಕಲಿಸಿದ ಬೈರಪ್ಪನವರು ಬೆನ್ನಿಗೆ ಗುದ್ದಿ ಹೇಳಿಕೊಟ್ಟಿದ್ದರು, ನಲವತ್ತು ವರ್ಷ ಹಾಗೆಯೇ ನಡೆದಿದ್ದೆ. ಆವತ್ತು ಬಸ್ಸಿಗೆ ಹೊತ್ತಾಯಿತೆಂದು ಯಮುನಮ್ಮ ಬಾಗಿಲಲ್ಲಿ ನಿಂತಿದ್ದರು. ಬೇರೆ ಸೂಜಿ ಹಾಕಿ ಹೊಲಿದುಕೊಟ್ಟೆ. ಆಮೇಲೂ ಹುಡುಕಲಿಲ್ಲ. ನೀನು ಬರಿಗಾಲಲ್ಲಿ ಓಡಾಡುವುದು ಗೊತ್ತಿದ್ದೂ ಹುಡುಕಲಿಲ್ಲ. ನೀನು ಮಾಡದ ತಪ್ಪಿಗೆ ಬೆರಳು ಕೊಡಬೇಡ, ಕೊಟ್ಟ ಒಪ್ಪಿಗೆ ವಾಪಸು ತೆಗೆದುಕೋ. ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಭವ್ಯಳಿಗೂ ಡಾಕ್ಟರಿಗೂ ನಾನೇ ಹೇಳುತ್ತೇನೆ. ಆಗ ನೀನು ಮಾತ್ರ ನನ್ನ ಪರವಾಗಿ ಮಾತಾಡಬೇಡ.