ವಜ್ಜ ಇದ್ದದ್ದು

೧೨ ಜುಲೈ ೨೦೨೫, ಶನಿವಾರ, ಇಂಡಿ

ಬರೆಯದೆ ಮಲಗಬೇಕೆಂದಿದ್ದೆ: ಮಗಳು ಐಶ್ವರ್ಯ ಜೋಡಿಸುತ್ತಿರುವ ಕಂಪ್ಯೂಟರಿಗೆ, ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಈ ಪವರ್ ಸಪ್ಲೈ ಡಬ್ಬಿ ಆರಿಸಿದ್ದು ನಾನೇ. ಅವಳು ಇದಕ್ಕಿಂತ ದುಬಾರಿಯ ಬೇರೊಂದನ್ನು ತೋರಿಸಿದ್ದಳು.

"ಕೈಯಾಗ ಹಿಡದ ನೋಡ್ರಿ ಅಕ್ಕಾರ, ಎಷ್ಟ ವಜ್ಜ ಐತಿ," ಎಂದಿದ್ದ ಸೊಲ್ಲಾಪುರದ ಅಂಗಡಿಯವನು. ಹಿತ್ತಾಳೆ ಕೊಡ ಕೊಳ್ಳುವವಳಂತೆ ಕೈಯಲ್ಲೇ ತೂಗಿ ಒಪ್ಪಿಬಿಟ್ಟೆ.

ಮನೆಗೆ ಬಂದ ಮೇಲೆ ಅನುಮಾನ ಶುರುವಾಯಿತು. ಅಷ್ಟು ಅಗ್ಗದ್ದು ಇಷ್ಟು ಭಾರವೇಕೆ? ಜಾಲರಿಯೊಳಗೆ ಟಾರ್ಚ್ ಬಿಟ್ಟೆ. ಮೂಲೆಯಲ್ಲಿ ಯಾವ ತಂತಿಗೂ ಸೇರದ ಕಬ್ಬಿಣದ ತುಂಡೊಂದನ್ನು ಅಂಟಿಸಿದ್ದರು.

"ಕರೆಂಟಿಗಿಂತ ಕಬ್ಬಿಣನ ಜಾಸ್ತಿ ಐತಿ ಮಮ್ಮಿ," ಎಂದು ಐಶ್ವರ್ಯ ನಕ್ಕಳು. ನನಗೆ ನಗು ಬರಲಿಲ್ಲ. ಇದನ್ನು ಹಚ್ಚಿದ್ದರೆ, ಎರಡು ವರ್ಷದಿಂದ ಅವಳು ಒಂದೊಂದಾಗಿ ಕೂಡಿಸಿದ ಭಾಗಗಳೆಲ್ಲ ಸುಟ್ಟುಹೋಗಬಹುದಿತ್ತು.

ಅಂಗಡಿಯವನಿಗಿಂತ ನನ್ನ ಕೈಯ ಮೇಲೇ ಈಗ ಹೆಚ್ಚು ಸಂಶಯ. ಮುಂದಿನದನ್ನು ಅವಳೇ ಆರಿಸಲಿ.

ಇದನ್ನು ಅಂಚೆಯಲ್ಲಿ ವಾಪಸ್ ಕಳಿಸುವುದು: ಸೋಮವಾರ, ಜುಲೈ ೧೪.