ಕಾಲಿಂದ ಕಿತ್ತ ತಂತಿ

ನನ್ನ ಗಂಡ ಶಿವಮಲ್ಲುಗೆ,

ಸತ್ತೋರು ಬಾಯಿ ಬುಡಬಾರ್ದು ಅಂತ ಯಾರು ಹೇಳಿದ್ರು ನಿಂಗೆ? ಮೂಗನಂಗೆ ಕೂತಿರಬೇಡ, ಕೇಳು.

ಗುಂಡ್ಲುಪೇಟೇಲಿ ಈರುಳ್ಳಿ ಮೂಟೆ ಬಿದ್ದು ನನ್ನ ಪಾದದ ಮೂಳೆ ಮುರಿದಿತ್ತು. ಅದು ಕೂಡಲಿ ಅಂತ ತೂರಿಸಿದ್ದ ಸ್ಟೀಲ್ ತಂತೀನ ಚಾಮರಾಜನಗರದ ಡಾಕ್ಟ್ರು ನೆನ್ನೆ ಇಕ್ಕಳದಲ್ಲಿ ಕಿತ್ತರು. "ಏನಪ್ಪಾ, ಬೇಲಿ ಮೊಳೆ ಅಂದ್ಕಂಡ್ಯಾ?" ಅಂದೆ. "ನಡಿಯಜ್ಜಿ, ಸ್ವಲ್ಪ ದಿನ ಕುಂಟುತ್ತೆ" ಅಂದ್ರು.

ಮೊಮ್ಮಗಳು ಚೈತ್ರ ನೋಡಿ, "ಥೇಟ್ ತಾತನ ನಡಿಗೆ ಕಣಜ್ಜಿ" ಅಂದ್ಳು.

ನಿನ್ನ ಪಾದ ಮುರಿದಾಗ ಈ ತಂತಿ ನಮಗೆಲ್ಲಿ ಗೊತ್ತಿತ್ತು? ನಾಟಿ ವೈದ್ಯನ ಹತ್ರ ಸೊಪ್ಪಿನ ಪಟ್ಟು ಕಟ್ಟಿಸಿದ್ವಿ, ಕುಂಟು ಹಂಗೇ ಉಳೀತು. ಆಮೇಲೆ ಸಂತೆಗೆ ಹೋಗೋವಾಗೆಲ್ಲ ನಾನು ಮುಂದೆ ನಡೀತಾ "ಬಿರ್ರನೆ ಬಾ" ಅಂತಿದ್ದೆ. ನೀನು ಒಂದಿನವೂ "ನಿಲ್ಲು" ಅನ್ನಲಿಲ್ಲ. ಈಗ ಎಲ್ಲರೂ ನನ್ನ ಬುಟ್ಟು ಮುಂದೆ ಹೋಗ್ತಾರೆ.

ಮುಂದಿನ ತಿಂಗಳು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಬೇಕು. ಇಳಿಜಾರಲ್ಲಿ ನೀನು ಯಾವ ಕಾಲು ಮೊದಲು ಇಡ್ತಿದ್ದೆ? ಅಷ್ಟರೊಳಗೆ ಬರೆದು ತಿಳಿಸು.