ನೀನು ಬೇಕೆಂದೇ ಬೀಳಿಸುತ್ತಿದ್ದ ಕೋಲು

ಡ್ರಮ್ಮರ್ ಮಹಾಶಯ, ಗೆಳೆಯ ನಾಗ,

ಹೇಗಿದ್ದೀಯ ಎಂದು ಕೇಳಿದರೆ ಅದರ ಮೇಲೂ ಒಂದು ಜೋಕು ಹೊಡೆಯುತ್ತೀಯ. ಹಾಗಾಗಿ ಕೇಳುವುದಿಲ್ಲ, ನೇರ ವಿಷಯಕ್ಕೆ ಬರುತ್ತೇನೆ. ನಮ್ಮ ‘ಹುರಿಗಾಳು’ ಬ್ಯಾಂಡು ಮತ್ತೆ ಸ್ಟೇಜ್ ಹತ್ತಿತು. ನೀನು ಹೋದ ಎರಡನೇ ವರ್ಷಕ್ಕೆ, ಬಸವನಗುಡಿಯಲ್ಲೇ, ನಾನು ಮತ್ತು ಕೀಬೋರ್ಡಿನ ಮೂರ್ತಿ ಇಬ್ಬರೇ. ನನಗೆ ಅರವತ್ತೆಂಟು, ಅವನಿಗೆ ಎರಡೂ ಮಂಡಿ ನೋವು. ನಿನ್ನ ಹತ್ತಿರ ಹೇಳಬೇಕಾದ ಇನ್ನೊಂದು ಮಾತೂ ಇದೆ. ಅದನ್ನು ಹೇಗೆ ಶುರು ಮಾಡಲಿ ಅಂತಲೇ...

ಚಾಮರಾಜಪೇಟೆಯ ಗಣೇಶನ ಪೆಂಡಾಲ್ ನೆನಪಿದೆಯಾ? ನಾವೇ ಕಟ್ಟಿದ ಬಸ್‌ಸ್ಟಾಪ್ ಹಾಡು. ಎರಡನೇ ಚರಣಕ್ಕೆ ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಡ್ರಮ್ಮು ನಿಂತಿತು. “ಸ್ವಾಮಿ, ನನ್ನ ಕೋಲು ಬಿದ್ದೋಯ್ತು, ಯಾರಾದ್ರೂ ನೋಡಿದ್ರಾ?” ಎನ್ನುತ್ತಾ ನೀನು ಮುಂದೆ ಬಂದೆ. ನನ್ನ ಮೈಕು ಕಿತ್ತುಕೊಂಡು, “ಅದು ಸಿಗೋವರ್ಗೂ ನಾನೇ ಹಾಡ್ತೀನಿ, ಇವನ್ದು ಬರೀ ಶೋಕಿ” ಎಂದು ಆ ಚರಣವನ್ನು ಕಾಗೆ ದನಿಯಲ್ಲಿ ಅರಚಿದೆ. ಪೆಂಡಾಲು ಬಿದ್ದು ಬಿದ್ದು ನಕ್ಕಿತು. ನನಗೆ ಮೈಯೆಲ್ಲ ಉರಿದು, ಮೈಕು ವಾಪಸ್ ಕಸಿದು ಅದೇ ಸಾಲುಗಳನ್ನು ಸರಿಯಾಗಿ ಹಾಡಿದೆ. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಜನ ಅದನ್ನೇ ಕೇಳಿಕೊಂಡು ಬರತೊಡಗಿದರು. ಹಾಡಿನ ಜೊತೆ ನಗಿಸುವ ಬ್ಯಾಂಡು ಎಂಬ ಹೆಸರು ಬಂದದ್ದೇ ಹಾಗೆ.

ಗಾಂಧಿ ಬಜಾರಿನ ಹೋಟೆಲಿನಲ್ಲಿ ಒಂದು ಬೆಳಿಗ್ಗೆ ನಾನು ಟೇಬಲ್ ಕುಟ್ಟಿ ಕೂಗಾಡಿದ್ದೆ. “ನಾನು ಹಾಡುಗಾರ ಕಣೋ, ನಿನ್ನ ಸರ್ಕಸ್ಸಿನ ಕೋತಿ ಅಲ್ಲ. ಪ್ರತಿ ಸಲ ನನ್ನ ಹಾಡೇ ಬೇಕಾ ನಿಂಗೆ?” ನೀನು ತಟ್ಟೆಯನ್ನು ನನ್ನ ಕಡೆ ಸರಿಸಿದೆ. “ಆಯ್ತು ಗುರು, ದೋಸೆ ತಣ್ಣಗಾಗ್ತಿದೆ, ತಿನ್ನು” ಎಂದೆ, ಅಷ್ಟೇ. ನಾನು ತಿನ್ನದೆ ಎದ್ದು ಹೋದೆ, ಬ್ಯಾಂಡೂ ಅಲ್ಲಿಗೇ ನಿಂತಿತು. ಮತ್ತೆ ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ಸಿಕ್ಕಾಗ, ಏನ್ ಗುರು ಅಂದರೆ ಏನಿಲ್ಲ ಗುರು. ಒಂದೇ ಒಂದು ಸಲ ನನಗೆ ತಿರುಗಿಸಿ ಹೇಳಬಾರದಿತ್ತೇನೋ?

ಈ ಪ್ರೋಗ್ರಾಂಗೆ ಮುಂಚೆ ಒಂದು ದಿನ ಮೂರ್ತಿ ಮನೆಯ ಮಹಡಿಯಲ್ಲಿ ಪ್ರಾಕ್ಟೀಸು. ನಿನ್ನ ಜಾಗದಲ್ಲಿ ಒಂದು ರಿದಮ್ ಮೆಷಿನ್ನು. ಎರಡನೇ ಚರಣ ಬಂತು, ನನ್ನ ತಲೆ ಪೂರಾ ಖಾಲಿ. ಮೆಷಿನ್ನು ಯಾರಿಗೂ ಕಾಯದೆ ಬಡಿಯುತ್ತಲೇ ಇತ್ತು. ಮೂರ್ತಿ ಅದನ್ನು ಆಫ್ ಮಾಡಿದ.

“ಎಡಗೈ ಜೇಬಿಗೆ ಹೋದಾಗ್ಲೇ ಅಂದ್ಕೊಂಡೆ” ಎಂದ.

“ಯಾವ ಕೈ?”

“ನಿಂಗೆ ಸಾಲು ಮರೆತಾಗ ಎಡಗೈ ಪ್ಯಾಂಟ್ ಜೇಬಿಗೆ ಹೋಗತ್ತೆ. ನಾಗ ಅದನ್ನ ನೋಡ್ಕೊಂಡೇ ಕೋಲು ಬೀಳಿಸ್ತಿದ್ದ. ಕಾಗೆ ಥರ ಹಾಡಿ ನಿಂಗೆ ಸಾಲು ಎತ್ಕೊಡ್ತಿದ್ದ. ಅವ್ನಿಗೆ ಗೊತ್ತಾದ್ರೆ ಹಾಡೋದೇ ಬಿಟ್ಬಿಡ್ತಾನೆ, ಹೇಳ್ಬೇಡ ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡಿದ್ದ.”

ಅಯ್ಯೋ ನಾಗ, ನಾನೆಂಥ ಮುಟ್ಠಾಳ. ಪುಸ್ತಕ ನೋಡಿ ಹಾಡುವವನು ಹಾಡುಗಾರನೇ ಅಲ್ಲ ಎಂದು ಊರಿಗೆಲ್ಲ ಬುದ್ಧಿ ಹೇಳಿದವನು ನಾನು. ಆ ಕ್ಷಣ ಸಾಲು ಕೈಕೊಡುತ್ತಿದ್ದದ್ದು ನನಗೇನು ಗೊತ್ತಿರಲಿಲ್ಲವೇ? ನಿನ್ನ ಗಲಾಟೆಯಿಂದಲೇ ಮರೆಯಿತು ಎಂದು ನಿನ್ನ ತಲೆಗೇ ಕಟ್ಟುತ್ತಿದ್ದೆ. ನನ್ನ ಮಾನ ಉಳಿಸಲು ನೀನು ಜನರ ಮುಂದೆ ಕೋಡಂಗಿಯಾದೆ, ನಾನೋ... ಕಣ್ಣಲ್ಲಿ ನೀರು ಬಂತು. ಪ್ರೋಗ್ರಾಂ ಬೇಡವೇ ಬೇಡ ಎಂದೆ. “ಸರೋಜಮ್ಮ ಬರ್ತಿದಾರೆ, ಮುಂದಿನ ಸಾಲಲ್ಲೇ ಕೂರ್ತಾರಂತೆ. ನೀನೇ ಫೋನ್ ಮಾಡಿ ಬೇಡ ಅನ್ನು” ಎಂದ ಮೂರ್ತಿ. ನಿನ್ನ ಹೆಂಡತಿಗೆ ಆ ಮಾತು ಹೇಳುವ ಧೈರ್ಯ ನನಗೆಲ್ಲಿದೆ?

ಭಾನುವಾರ ಸಂಜೆ ಬಸ್‌ಸ್ಟಾಪ್ ಹಾಡಿಗೆ ಮುಂಚೆ ಜೇಬಿನಿಂದ ಚೀಟಿ ತೆಗೆದೆ. “ನಂಗೆ ಎರಡನೇ ಚರಣ ಯಾವತ್ತೂ ಬಾಯಿಗೆ ಬರ್ಲಿಲ್ಲ. ಅದನ್ನ ಮುಚ್ಚಿಡೋಕೆ ನಮ್ಮ ನಾಗ ಪ್ರತಿ ಸಲ ಕೋಲು ಬೀಳಿಸ್ತಿದ್ದ” ಎಂದೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಇದೂ ಒಂದು ನಗೆಯ ಐಟಂ ಅಂದುಕೊಂಡು. ಸರೋಜಮ್ಮ ಮಾತ್ರ ನಗಲಿಲ್ಲ, ನನ್ನ ಕಡೆ ನೋಡಿ ಹೌದು ಎನ್ನುವಂತೆ ತಲೆಯಾಡಿಸಿದರು. ಅವರಿಗೂ ಗೊತ್ತಿತ್ತು ಅಂತಾಯಿತು. ಆ ಚರಣವನ್ನು ಚೀಟಿ ನೋಡಿಕೊಂಡೇ ಹಾಡಿದೆ, ಒಂದಕ್ಷರ ತಪ್ಪದೆ. ಎಷ್ಟು ಹಗುರಾಯಿತು ಗೊತ್ತಾ ನನಗೆ?

ಕೈಮುಗಿದು ಒಳಗೆ ಬಂದರೆ ಮೂರ್ತಿ ಗೋಡೆಗೊರಗಿ ನಗುತ್ತಿದ್ದ. “ಮೂರನೇ ಚರಣ ಪೂರ್ತಿ ಹಾರಿಸ್ಬಿಟ್ಟೆ ಗುರು” ಎಂದ.

ತುಂಬಿದ ಸಭೆಯಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ ನಾಗ. ನೀನಿದ್ದಿದ್ದರೆ ಕೋಲು ಬೀಳಿಸಿ ನನ್ನನ್ನು ನಿಲ್ಲಿಸುತ್ತಿದ್ದೆ. ಬರುವ ತಿಂಗಳು ಮಲ್ಲೇಶ್ವರದಲ್ಲಿ ಹಾಡುತ್ತಿದ್ದೇವೆ, ಅಲ್ಲಿ ಮೂರನೆಯದನ್ನೂ ಹಾಡುತ್ತೇನೆ. ಥ್ಯಾಂಕ್ಸ್ ಕಣೋ.

ನಿನ್ನ,
ಪ್ರಭು